ಹಳ್ಳಿಗೆಂದು ಹುಟ್ಟಿದ ಗಣಕಯಂತ್ರ

ಆಲೂರು ತಾಲ್ಲೂಕಿನ ಕುಂದೂರು ಹೋಬಳಿಯ ರೈತನಿಗೆ ಗಣಕಯಂತ್ರವು ಇಂದು ಅಪರಿಚಿತ ವಸ್ತುವಲ್ಲ. ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ರಾಜ್ಯದ ಸುಮಾರು 2 ಕೋಟಿ ಭೂದಾಖಲೆಗಳನ್ನು ‘ಭೂಮಿ’ ಯೋಜನೆಯು ಇಪ್ಪತ್ತೊಂದನೆಯ ಶತಮಾನದ ಆದಿಯಲ್ಲಿಯೇ ಯಂತ್ರಕ್ಕೆ ಏರಿಸಿದುದು ನಮ್ಮ ಓದುಗರಿಗೆ ವಿದಿತವಾಗಿದೆ. ಆದರೆ ಆ ಯಂತ್ರವು ಕಚೇರಿಯ ಸೊತ್ತು. ಕಿಟಕಿಯ ಆಚೆ ಗುಮಾಸ್ತ, ಈಚೆ ಪಹಣಿಗಾಗಿ ಕೈನೀಡಿ ನಿಂತ ರೈತ. ರೈತನ ಕೈಗೇ ಗಣಕಯಂತ್ರವನ್ನು ಕೊಡಬೇಕೆಂಬ ಆಲೋಚನೆಯೂ ಅದೇ ಕಾಲದಲ್ಲಿ, ನಮ್ಮ ನಾಡಿನಲ್ಲಿಯೇ ಹುಟ್ಟಿತ್ತೆಂಬುದನ್ನು ಇಂದು ನೆನೆಯುವವರು ಎಷ್ಟು ಮಂದಿ?

ಅದೇ ಸಿಂಪ್ಯೂಟರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ವಿದ್ವಾಂಸರೂ ಎನ್‌ಕೋರ್ ಸಂಸ್ಥೆಯ ವಿನಯ್ ದೇಶಪಾಂಡೆ ಮೊದಲಾದವರೂ ಕೂಡಿ ರೂಪಿಸಿ, 2001ರ ಏಪ್ರಿಲ್‌ನಲ್ಲಿ ಅದನ್ನು ಲೋಕಕ್ಕೆ ತೋರಿಸಿದರು. ಅಂಗೈಯಗಲದ ಯಂತ್ರ, ಲಿನಕ್ಸ್ ತಂತ್ರಾಂಶ, ಉದ್ದೇಶಿಸಿದ ಬೆಲೆ ಸುಮಾರು 9,000 ರೂಪಾಯಿ. ಅಕ್ಷರವನ್ನರಿಯದವನಿಗೂ ಕನ್ನಡವನ್ನು ಓದಿ ಹೇಳುವ ಶಕ್ತಿಯನ್ನು ಅದಕ್ಕೆ ಕೊಡಲು ಇವರು ಶ್ರಮಿಸಿದರು. ಇದೆಲ್ಲಕ್ಕಿಂತ ನಮಗೆ ಮೆಚ್ಚಿಗೆಯಾಗುವುದು ಅದರ ಸ್ಮಾರ್ಟ್ ಕಾರ್ಡಿನ ಏರ್ಪಾಟು. ಒಂದು ಊರಿಗೆ ಒಂದೇ ಯಂತ್ರವಿದ್ದರೂ ಸಾಕು. ಪ್ರತಿಯೊಬ್ಬನೂ ತನ್ನ ಚೀಟಿಯನ್ನು ತೂರಿಸಿ ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳಬಹುದಾಗಿತ್ತು. ಒಂದೇ ಬಾವಿಯಿಂದ ಹತ್ತು ಮನೆಯವರು ತಮ್ಮ ತಮ್ಮ ಕೊಡದಲ್ಲಿ ನೀರು ಸೇದುವುದನ್ನು ಕಂಡವರಿಗಲ್ಲದೆ ಇಂಥ ಉಪಾಯವು ಹೊಳೆಯಲಾರದು.

ಹೊಗಳಿಕೆಗೇನೂ ಕೊರತೆಯಾಗಲಿಲ್ಲ. ಅಮೆರಿಕೆಯ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿಯೂ ಪ್ರಶಂಸೆ ಬಂದಿತು. ಕೊರತೆಯಾದುದು ಕೊಳ್ಳುವವರಿಗೆ! ಸರ್ಕಾರದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 2004ರಲ್ಲಿ ‘ಅಮಿಡಾ’ ಎಂಬ ಮಾದರಿಯನ್ನು ತಯಾರಿಸಿ ಮಾರುಕಟ್ಟೆಗೆ ಬಿಡುವ ಹೊತ್ತಿಗೆ ಮೂರು ವರ್ಷಗಳು ಕಳೆದಿದ್ದವು. 50,000 ಯಂತ್ರಗಳನ್ನು ಮಾರುವ ನಿರೀಕ್ಷೆಯಿತ್ತು. 2005ರವರೆಗೆ ಮಾರಾಟವಾದುವು ಸುಮಾರು 4,000 ಮಾತ್ರ. ರೂಪುರೇಖೆ ನಮ್ಮದು, ಆದರೆ ಅದರ ಮಿದುಳಾದ ಚಿಪ್ಪು ಪರದೇಶದ್ದು. ಹೆಚ್ಚು ತಯಾರಿಸದೆ ಬೆಲೆ ಇಳಿಯದು, ಬೆಲೆ ಇಳಿಯದೆ ಬಡವನು ಕೊಳ್ಳಲಾರನು. ಈ ಸುಳಿಯಿಂದ ಎತ್ತಬಲ್ಲ ಶಕ್ತಿಯಿದ್ದುದು ದೊಡ್ಡ ಗಿರಾಕಿಯೊಬ್ಬನಿಗೆ, ಎಂದರೆ ಸರ್ಕಾರಕ್ಕೆ. ಅದು ಅಲ್ಲಲ್ಲಿ ಪ್ರಯೋಗ ನಡೆಸಿತೇ ಹೊರತು ಮನಸ್ಸಿಟ್ಟು ಕೊಳ್ಳಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗಿ ಹಳ್ಳಿಹಳ್ಳಿಯನ್ನೂ ಹೊಕ್ಕಿತು.

ಫೋನು ಇರುವಾಗ ಗಣಕಯಂತ್ರವೇತಕ್ಕೆ ಎಂದು ಕೇಳುವವರುಂಟು. ನೋಡುವುದಕ್ಕೆ ಫೋನು ಸಾಕು. ಕುಳಿತು ಬರೆಯುವುದಕ್ಕೂ ಲೆಕ್ಕ ಹೂಡುವುದಕ್ಕೂ ಹುಡುಗನೊಬ್ಬನು ತಂತ್ರಾಂಶ ಕಲಿಯುವುದಕ್ಕೂ ಅದು ಸಾಲದು. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು 2025ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ‘ಕಿಯೋ’ ಎಂಬ ಗಣಕಯಂತ್ರವನ್ನು ಪ್ರಕಟಿಸಿದುದನ್ನು ನಾವು ಸಂತೋಷದಿಂದ ಕಂಡೆವು. ಬೆಲೆ 20,000 ರೂಪಾಯಿಗಳೊಳಗೆ; ಒಳಗಿನ ಚಿಪ್ಪು, ಯಾರ ಅಪ್ಪಣೆಯನ್ನೂ ಬೇಡದೆ ಯಾರಾದರೂ ಬಳಸಬಹುದಾದ ರಿಸ್ಕ್-ಫೈವ್ ಎಂಬ ಮುಕ್ತ ಕ್ರಮದ್ದು. ಆದರೆ ಸಮ್ಮೇಳನದ ವೇದಿಕೆಯ ಮೇಲೆ ಬೆಳಗುವುದು ಸಿಂಪ್ಯೂಟರಿಗೂ ಕಷ್ಟವಾಗಿರಲಿಲ್ಲ.

ಈ ಸಲವಾದರೂ ಮೊದಲ ಸಾವಿರಾರು ಯಂತ್ರಗಳ ಹಣವನ್ನು ಸರ್ಕಾರವೇ ತೆತ್ತು, ಅವುಗಳಲ್ಲಿ ಕೆಲವನ್ನು ಕುಂದೂರಿನಂತಹ ಹೋಬಳಿಗಳ ಶಾಲೆಗಳಿಗೆ, ಅಲ್ಲಿನ ಮಳೆಗೂ ವಿದ್ಯುತ್ತಿನ ಕಣ್ಣುಮುಚ್ಚಾಲೆಗೂ ಒಪ್ಪಿಸಿ ನೋಡಲಿ. ಅಲ್ಲಿನ ಮಕ್ಕಳು ಮೊದಲು ಹೇಳುವ ದೂರುಗಳಿಗೆ ನಮ್ಮ ಅಂಕಣಗಳಲ್ಲಿ ಸ್ಥಳ ಕೊಡಲು ನಾವು ಸಿದ್ಧರಿದ್ದೇವೆ.