ಮನೆ ಮಾರುವವರಿಗೂ ವಕೀಲರು ಬೇಕು

ಮನೆ ಕೊಳ್ಳುವವರು ವಕೀಲರಲ್ಲಿಗೆ ಹೋಗುವುದು ರೂಢಿ. ಮಾರುವವರು ಮಾತ್ರ ‘ನಮ್ಮದೇ ಮನೆ, ನಮಗೇಕೆ ವಕೀಲರು’ ಎಂದು ಆಧಾರ ಬರೆಯುವವರ ಮೇಲೆಯೇ ಎಲ್ಲ ಭಾರವನ್ನು ಹೊರಿಸುತ್ತಾರೆ. ಕಳೆದ ವರ್ಷ ಪೋಷಕರೊಬ್ಬರು ಮುಂಗಡ ಹಣ ಪಡೆದ ಬಳಿಕ ಮಲಯಾಳಂ ಕರಡೊಂದನ್ನು ಹಿಡಿದು ಬಂದು, ‘ಮಾಸ್ಟ್ರೇ, ಇದನ್ನೊಮ್ಮೆ ಓದಿ ಹೇಳಿ’ ಎಂದರು. ಹಕ್ಕಿನ ಕುರಿತು ಯಾವ ತಕರಾರು ಎದ್ದರೂ ಮಾರಿದವರೇ ನಷ್ಟ ತುಂಬಿಕೊಡಬೇಕೆಂದು ಅದರಲ್ಲಿತ್ತು. ಮನೆಯಿದ್ದುದು ಅಜ್ಜಿಯ ಹೆಸರಿನಲ್ಲಿ. ಚಿಕ್ಕಮ್ಮನ ಮಕ್ಕಳ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

ಇಂಥ ಬರಹ ಅಪರೂಪವೇನಲ್ಲ. 1882ರ ಸ್ವತ್ತು ವರ್ಗಾವಣೆ ಕಾನೂನಿನ 55ನೆಯ ಕಲಮಿನಂತೆ, ಆಸ್ತಿಯಲ್ಲಿಯೂ ಹಕ್ಕಿನಲ್ಲಿಯೂ ತನಗೆ ತಿಳಿದಿರುವ, ಕೊಳ್ಳುವವನಿಗೆ ಸುಲಭವಾಗಿ ಕಾಣದ ಮುಖ್ಯ ಲೋಪಗಳನ್ನು ತಿಳಿಸುವುದು ಮಾರುವವನ ಹೊಣೆ. ಆದ್ದರಿಂದ ವಕೀಲರ ಕೆಲಸವು ನೋಂದಣಿಯ ದಿನಕ್ಕಲ್ಲ, ಮುಂಗಡ ಪಡೆಯುವ ಮುನ್ನವೇ ಆರಂಭವಾಗಬೇಕು.

ಅವರು ಮೊದಲು ಹಕ್ಕಿನ ಜಾಡನ್ನು ಹಿಂದಕ್ಕೆ ಹಿಡಿದು ಹೋಗುತ್ತಾರೆ. ಕಾಸರಗೋಡಿನಲ್ಲಿ ಈ ಜಾಡು ಎರಡು ಭಾಷೆಗಳಲ್ಲಿ ಸಾಗುತ್ತದೆ. 1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರು. ಅಂದಿನ ಎಷ್ಟೋ ಪತ್ರಗಳು ಕನ್ನಡದಲ್ಲಿವೆ, ಇಂದಿನವು ಮಲಯಾಳದಲ್ಲಿ. ಎರಡನ್ನೂ ಓದಬಲ್ಲ ವಕೀಲರನ್ನೇ ಹುಡುಕಿರಿ. ಅಳಿಯಸಂತಾನದ ಮನೆತನವಾದರೆ, 1976ರ ದಶಂಬರ 1ರಂದು ಜಾರಿಗೆ ಬಂದ ಕೇರಳದ ಅವಿಭಕ್ತ ಕುಟುಂಬ ರದ್ದತಿ ಕಾನೂನಿನಿಂದ ಅಂದು ಇದ್ದ ಸದಸ್ಯರಿಗೆಲ್ಲ ಪ್ರತ್ಯೇಕ ಪಾಲು ಹುಟ್ಟಿದೆ. ಊರು ಬಿಟ್ಟು ಮುಂಬಯಿ ಸೇರಿದವರೆಂದು ಅವರ ಪಾಲು ಅಳಿಯದು. ಗೇಣಿಗಿದ್ದ ಜಾಗವಾದರೆ ಭೂ ನ್ಯಾಯಮಂಡಳಿಯ ಪಟ್ಟೆಯನ್ನು ನೋಡಬೇಕು. ಕುಮ್ಕಿಯೂ ನಮ್ಮದೇ ಎಂಬ ಭಾವನೆ ಊರಿನಲ್ಲಿ ಬಲವಾಗಿದೆ. ಅಲ್ಲಿರುವುದು ಬಳಕೆಯ ಸವಲತ್ತು ಮಾತ್ರ, ಒಡೆತನವಲ್ಲ. ಅದನ್ನೂ ಅಳತೆಗೆ ಸೇರಿಸಿ ಮಾರಿದರೆ ಮುಂದೆ ಉತ್ತರ ಹೇಳಬೇಕಾದವರು ನೀವೇ.

ಋಣಭಾರ ಪತ್ರ, ಭೂತೆರಿಗೆ ರಶೀದಿ, ಗ್ರಾಮ ಕಚೇರಿಯ ಸ್ವಾಧೀನ ಪತ್ರ, ಬ್ಯಾಂಕಿನ ಸಾಲ ತೀರಿದ್ದಕ್ಕೆ ದಾಖಲೆ ಇವೆಲ್ಲ ವಾಡಿಕೆಯವು. ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದಲ್ಲಿನ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು 1969ರ ಕೇರಳ ರಾಜಭಾಷಾ ಕಾನೂನು ಕೊಟ್ಟಿದೆ. ನಾವು ಕೇಳುವುದನ್ನು ಬಿಟ್ಟಿದ್ದೇವೆ, ಅಷ್ಟೆ.

ಬಳಿಕ ಕರಾರು. ಬಾಕಿ ಹಣ ಯಾವ ದಿನಕ್ಕೆ, ತಪ್ಪಿದರೆ ಮುಂಗಡದ ಗತಿಯೇನು, ಮನೆ ತೆರವು ಎಂದು ಎಂಬುದನ್ನು ವಕೀಲರು ಸಂದೇಹಕ್ಕೆ ಎಡೆಯಿಲ್ಲದಂತೆ ಬರೆಸಬೇಕು. ಮಕ್ಕಳ ಪರೀಕ್ಷೆ ಮುಗಿಯುವ ತನಕ ಮನೆ ಬೇಕಿದ್ದರೆ ಅದೂ ಬರಹದಲ್ಲಿರಲಿ. ಪತ್ರದಲ್ಲಿ ಕಡಮೆ ಬೆಲೆ ತೋರಿಸಿ ಉಳಿದುದನ್ನು ನಗದಾಗಿ ಕೊಡುತ್ತೇವೆ ಎಂಬ ಮಾತಿಗೆ ಮರುಳಾಗದಿರಿ. ಸ್ಥಿರಾಸ್ತಿಯ ಮಾರಾಟದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ನಗದನ್ನು ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಪಡೆದಷ್ಟೇ ಮೊತ್ತದ ದಂಡ ಬೀಳಬಹುದು.

ಸಹಿಗೆ ಮುನ್ನ ಇಡೀ ಕರಡನ್ನು ಕನ್ನಡದಲ್ಲಿ ಓದಿ ಅರ್ಥ ಹೇಳಬೇಕೆಂದು ವಕೀಲರನ್ನು ಕೇಳಿರಿ. ಇದರಲ್ಲಿ ನಾಚಿಕೆಯೇನೂ ಇಲ್ಲ. ಅವರು ಕೊಳ್ಳುವವರ ವಕೀಲರೂ ಆಗಿದ್ದರೆ ಬೇರೊಬ್ಬರಿಗೆ ತೋರಿಸಿರಿ. ಆ ಪೋಷಕರು ಹಾಗೆಯೇ ಮಾಡಿದರು. ಚಿಕ್ಕಮ್ಮನ ಮಕ್ಕಳೂ ಸಹಿ ಹಾಕಲು ಬಂದರು, ನೋಂದಣಿ ಎರಡು ತಿಂಗಳು ತಡವಾಯಿತು. ಪೂರ್ಣ ಹಣ ಸಂದ ಮೇಲೆ ಮೂಲಪತ್ರಗಳು ಕೊಂಡವರಿಗೆ ಸೇರುತ್ತವೆ. ಅಜ್ಜಿಯ ಕಾಲದ ಕನ್ನಡ ಪತ್ರಗಳ ಪ್ರತಿಗಳನ್ನು ಅದಕ್ಕೆ ಮೊದಲೇ ತೆಗೆದಿಟ್ಟುಕೊಳ್ಳಿರಿ.