ಮನೆಯಾಳನ್ನು ಬಿಡಿಸುವಾಗ ಲೆಕ್ಕ ಯಾವುದು?

ನಮ್ಮದು ಚಳ್ಳಕೆರೆ ಕಡೆ ಆರೆಕರೆ ಖುಷ್ಕಿ. 2023ರ ಬರದಲ್ಲಿ ಶೇಂಗಾ ಹಾಕಿದ ಬೀಜವೂ ವಾಪಸ್ ಬರಲಿಲ್ಲ. ಮೇವಿಲ್ಲದೆ ಎತ್ತು ಮಾರಿದೆ. ಅದರ ಹಿಂದಿನ ವರ್ಷ ತಾಯಿ ತೀರಿಕೊಂಡಿದ್ದರು. ಎತ್ತಿಲ್ಲ, ಹಾಸಿಗೆ ಹಿಡಿದವರಿಲ್ಲ, ಇನ್ನು ಮನೆಗೆ ಆಳು ಯಾಕೆ ಅನ್ನಿಸಿತು.

ಆಯಮ್ಮ ನಮ್ಮ ಮನೆಗೆ ಹನ್ನೊಂದು ವರ್ಷದಿಂದ ಬರುತ್ತಿದ್ದಳು. ಕಸ ಮುಸುರೆ, ಕೊಟ್ಟಿಗೆ ಸಗಣಿ, ತಾಯಿಗೆ ಸ್ನಾನ ಮಾಡಿಸೋದು. ಅರ್ಧ ದಿನದ ಕೆಲಸ. ಕೊನೆಗೆ ತಿಂಗಳಿಗೆ 3,000 ರೂಪಾಯಿ, ವರ್ಷಕ್ಕೆ ಎರಡು ಚೀಲ ರಾಗಿ, ಹಬ್ಬಕ್ಕೊಂದು ಸೀರೆ. ಮಗಳ ಮದುವೆಗೆ ತಗೊಂಡಿದ್ದ ಮುಂಗಡದಲ್ಲಿ 8,000 ಬಾಕಿ ಇತ್ತು.

ಯುಗಾದಿಗೆ ಎಂಟು ದಿನ ಇರುವಾಗ ಹೇಳಿದೆ: "ಇನ್ನು ಬರೋದು ಬೇಡಮ್ಮ. ಮುಂಗಡ ತೀರೋವರೆಗೆ ಹೊಲದ ಕೆಲಸಕ್ಕೆ ಬಾ. ಅಲ್ಲೀವರೆಗೆ ಬೇರೆ ಕಡೆ ಒಪ್ಕೋಬೇಡ." ಆಯಮ್ಮ ಏನೂ ಮಾತಾಡಲಿಲ್ಲ. ತೊಳೆದ ಪಾತ್ರೆ ದಬ್ಬಾಕಿ ಹೋದಳು. ನಾನು ಹೇಳಿದ್ದು ನ್ಯಾಯವಾಗೇ ಇದೆ ಅಂತ ಅಂದುಕೊಂಡಿದ್ದೆ.

ಹಬ್ಬಕ್ಕೆ ಬಂದ ಅಕ್ಕನ ಮಗ ವಕೀಲ. ಕೇಳಿ ಗಾಬರಿಯಾದ. "ಮಾವ, ಮುಂಗಡ ತೀರೋವರೆಗೆ ಇಲ್ಲೇ ದುಡಿ, ಬೇರೆ ಕಡೆ ಹೋಗಬೇಡ ಅಂದ್ರೆ ಅದು ಜೀತ" ಅಂದ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಪ್ರಕಾರ ಅಂಥ ಸಾಲ ಸಾಲವೇ ಅಲ್ಲ, ರದ್ದಾದ ಹಾಗೆ. ಜೀತಕ್ಕೆ ಇಟ್ಟುಕೊಂಡವನಿಗೆ ಮೂರು ವರ್ಷದವರೆಗೆ ಜೈಲು, ಎರಡು ಸಾವಿರದವರೆಗೆ ದಂಡ. ನಾನು ಏಳನೇ ಕ್ಲಾಸು. ಜೀತ ಅಂದ್ರೆ ದೊಡ್ಡ ಜಮೀನ್ದಾರರ ಮನೇದು ಅಂತ ತಿಳಿದಿದ್ದೆ. ಆರೆಕರೆಯವನ ಬಾಯಲ್ಲೂ ಅದು ಬರುತ್ತೆ.

ಹಾಗಾದ್ರೆ ಬಿಡಿಸುವಾಗ ಏನು ಕೊಡಬೇಕು? ಮಿಲ್ಲಿನಲ್ಲಿ ವರ್ಷಕ್ಕಿಂತ ಹೆಚ್ಚು ದುಡಿದವರನ್ನು ಕೆಲಸ ಇಲ್ಲ ಅಂತ ತೆಗೆದರೆ ಒಂದು ತಿಂಗಳ ನೋಟೀಸು ಇಲ್ಲವೇ ಆ ತಿಂಗಳ ಸಂಬಳ, ಜೊತೆಗೆ ದುಡಿದ ಒಂದೊಂದು ವರ್ಷಕ್ಕೆ ಹದಿನೈದು ದಿನದ ಸಂಬಳ ಕೊಡಬೇಕು. ಮನೆಗೆಲಸದವರಿಗೆ ಇದಿಲ್ಲ. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಮನೆಗೆಲಸವನ್ನು ಹೊರಗೇ ಇಟ್ಟಿದೆ. ಕನಿಷ್ಠ ವೇತನ ಮಾತ್ರ ಉಂಟು. ನಮ್ಮ ರಾಜ್ಯ 2004ರಲ್ಲೇ ಮನೆಗೆಲಸಕ್ಕೆ ಅದನ್ನು ಗೊತ್ತುಮಾಡಿತು. ದುಡಿದ ದಿನದ ಸಂಬಳ ಹಿಡಿಯುವ ಹಾಗಂತೂ ಇಲ್ಲ.

ಕಾಯ್ದೆ ಕೇಳೋದಿಲ್ಲ ಅಂತ ಸುಮ್ಮನಿರಬಹುದಿತ್ತು. ಹೆಂಡತಿ ಬಿಡಲಿಲ್ಲ. "ನಿಮ್ಮ ತಾಯಿ ಮೈ ತೊಳೆದೋಳು. ಮಿಲ್ಲಿನ ಲೆಕ್ಕವೇ ಹಾಕಿ" ಅಂದಳು. ಹಾಕಿದೆ. ವರ್ಷಕ್ಕೆ 1,500ರಂತೆ ಹನ್ನೊಂದು ವರ್ಷಕ್ಕೆ 16,500. ನೋಟೀಸಿನ ತಿಂಗಳು 3,000. ಒಟ್ಟು 19,500. ಬರದ ವರ್ಷದಲ್ಲಿ ಈ ದುಡ್ಡು ನನ್ನ ಹತ್ತಿರ ಎಲ್ಲಿತ್ತು?

ಮುಂಗಡ ಬಿಟ್ಟೆ ಅಂತ ಮೊದಲು ಹೇಳಿದೆ. ಎತ್ತಿನ ದುಡ್ಡಲ್ಲಿ ಉಳಿದಿದ್ದ 9,500 ಕೈಗೆ ಕೊಟ್ಟೆ. ಉಳಿದ ಹತ್ತು ಸಾವಿರ ಮುಂದಿನ ಶೇಂಗಾ ಮಾರಿದ ಮೇಲೆ ಅಂತ ನೋಟ್‌ಬುಕ್ಕಿನಲ್ಲಿ ಬರೆದು ಇಬ್ಬರೂ ಸಹಿ ಮಾಡಿದೆವು. ಆಯಮ್ಮನ ಮಗ ಓದಿ ಹೇಳಿದ ಮೇಲೆಯೇ ಆಯಮ್ಮ ಸಹಿ ಹಾಕಿದ್ದು. ಅದೇ ಸರಿ. ಈ ಬರವಣಿಗೆ ಕೆಲಸಕ್ಕೆ ಸೇರಿಸಿಕೊಂಡ ದಿನವೇ ಆಗಬೇಕಿತ್ತು. ಸಂಬಳ ಎಷ್ಟು, ರಾಗಿ ಎಷ್ಟು, ಬಿಡಿಸುವುದಾದರೆ ಎಷ್ಟು ದಿನ ಮುಂಚೆ ಹೇಳಬೇಕು, ಮುಂಗಡ ಕೊಟ್ಟರೆ ಅದು ಕೈಸಾಲ, ಕೆಲಸಕ್ಕೂ ಅದಕ್ಕೂ ಗಂಟು ಹಾಕಬಾರದು. ಇಷ್ಟು ಒಂದೇ ಹಾಳೆಯಲ್ಲಿ ಮುಗಿಯುತ್ತೆ.

ಜಗಳ ಬಂದರೆ ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ ವಕೀಲರು ಪುಕ್ಕಟೆ. ಇದನ್ನು ಆಳಿಗೆ ನಾವೇ ಹೇಳೋದಕ್ಕೆ ಮನಸ್ಸು ಬರೋದಿಲ್ಲ, ಆದರೂ ಹೇಳಬೇಕು.

ಆ ಹತ್ತು ಸಾವಿರದಲ್ಲಿ 2024ರ ಶೇಂಗಾ ಬಂದಾಗ ಆರು ಕೊಟ್ಟೆ. ನಾಲ್ಕು ಸಂಕ್ರಾಂತಿಗೆ ಹೋಯ್ತು. ತಗೊಳ್ಳೋಕೆ ಬಂದ ದಿನ ಆಯಮ್ಮ ನೋಟ್‌ಬುಕ್ ತರಿಸಿ, ತನ್ನ ಕಣ್ಣೆದುರೇ ಲೆಕ್ಕ ಹೊಡೆಸಿ, ಚಾ ಕುಡಿದು ಹೋದಳು.