ಗಿಣ್ಣಿನ ಕೆಳಗೆ ಎರಡು ಬೆರಳು

ತಾತ ಬಿದಿರಿನ ಗಳವನ್ನು ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು ಕಿವಿಗೊಟ್ಟರು. ಪಕ್ಕದ್ದನ್ನೂ ಬಡಿದರು. ನನ್ನ ಕಿವಿಗೆ ಎರಡೂ ಒಂದೇ ಸದ್ದು. ‘ಇದಿನ್ನೂ ಎಳಸು ಸಾಮಿ, ಒಣಗಿದ್ರೆ ಸುಕ್ಕಾಯ್ತದೆ’ ಅಂತ ಮೊದಲಿನದನ್ನು ಬದಿಗೆ ತಳ್ಳಿದರು.

ಹುಣಸೂರಿನಿಂದ ನಾಗರಹೊಳೆಗೆ ಹೋಗುವ ದಿಕ್ಕಿನಲ್ಲಿ, ಕಾಡಂಚಿನ ಜೇನು ಕುರುಬರ ಹಾಡಿಯೊಂದರ ಅಂಗಳ ಅದು. ಮಾರ್ಚ್ ಬಿಸಿಲು. ಎಲೆ ಕಳಚಿಕೊಂಡ ಮುತ್ತುಗದ ತುಂಬ ಹೂ. ಅದರಾಚೆ ಆನೆ ಕಂದಕ, ಕಂದಕದಾಚೆ ಕಣ್ಣು ಹಾಯುವಷ್ಟೂ ಲಂಟಾನ. ನಾನು ಬಂದದ್ದು ಅಂಡೆ ಮಾಡುವುದನ್ನು ನೋಡಲು. ಒಂದು ಕಡೆ ಗಿಣ್ಣು ಮುಚ್ಚಿ, ಇನ್ನೊಂದು ಕಡೆ ಬಾಯಿ ತೆರೆದ ಬಿದಿರಿನ ಕೊಳವೆಯೇ ಅಂಡೆ. ನೀರು ಹೊರಲು, ಜೇನು ತುಂಬಲು, ಅನ್ನ ಬೇಯಿಸಲು ಒಂದೇ ಪಾತ್ರೆ.

ಕೆಲಸ ನೋಡಲು ಸುಲಭ. ಮಚ್ಚನ್ನು ಒಂದೇ ಏಟಿಗೆ ಇಳಿಸುವುದಿಲ್ಲ. ಗಳವನ್ನು ತೊಡೆಯ ಮೇಲೆ ಉರುಳಿಸುತ್ತಾ ಸುತ್ತಲೂ ಕಚ್ಚು ಹಾಕುತ್ತಾರೆ. ಗಿಣ್ಣಿನ ಕೆಳಗೆ ಎರಡು ಬೆರಳು ಬಿಟ್ಟು ಕಡಿದರೆ ತಳ ಉಳಿಯುತ್ತದೆ. ಬಾಯಂಚಿನ ಸಿಬಿರನ್ನು ಮಚ್ಚಿನ ಬೆನ್ನಿಂದ ಹೆರೆಯುತ್ತಾರೆ. ಅದು ಬೆರಳಿಗೆ ಹೊಕ್ಕರೆ ವಾರ ಕಾಡುತ್ತದೆ. ಅನ್ನಕ್ಕೆ ಹಸಿ ಅಂಡೆಯೇ ಆಗಬೇಕು. ಒಳಗೆ ನೀರಿರುವ ತನಕ ಬೆಂಕಿಯ ಶಾಖವನ್ನೆಲ್ಲ ನೀರು ಎಳೆದುಕೊಳ್ಳುತ್ತದೆ, ಹೊರಮೈ ಕರಿಯಾದರೂ ಅಂಡೆ ಸುಟ್ಟುಹೋಗುವುದಿಲ್ಲ. ಎರಡೂ ಕಡೆ ಗಿಣ್ಣಿರುವ ತುಂಡನ್ನು ಮರೆತು ಒಲೆಗೆ ಹಾಕಿದರೆ ಮಾತ್ರ ಒಳಗಿನ ಆವಿ ಹಿಗ್ಗಿ ಢಬ್ ಎಂದು ಸಿಡಿಯುತ್ತದೆ. ಹಾಡಿಯ ಹುಡುಗರಿಗೆ ಅದೇ ಪಟಾಕಿ.

ಇಟ್ಟುಕೊಳ್ಳುವ ಅಂಡೆಯಾದರೆ ಲೆಕ್ಕ ಬೇರೆ. ಬಿದಿರಿನಲ್ಲಿ ಹಿಟ್ಟಿನಂಶ ಇದ್ದಷ್ಟೂ ಕುಟ್ಟೆಹುಳಕ್ಕೆ ಹಬ್ಬ. ಅದಕ್ಕೇ ಕತ್ತಲ ಪಕ್ಷದಲ್ಲಿ ಕಡಿಯಬೇಕೆಂಬ ನಂಬಿಕೆ. ಚಂದ್ರನ ವಿಷಯ ನನಗೆ ಗೊತ್ತಿಲ್ಲ. ಕೆಲವು ವಾರ ನೀರಲ್ಲಿ ನೆನೆಹಾಕಿದರೆ ಆ ಅಂಶ ಕರಗಿ ಹೋಗುತ್ತದೆ ಎಂಬುದಂತೂ ನಿಜ.

ಅಜ್ಜಿ ಒಳಗಿನಿಂದ ಸೋರೆ ಬುರುಡೆ ತಂದು ತೋರಿಸಿದರು. ಕೈ ಆಡಿ ಆಡಿ ಕಂದು ಹೊಳಪು ಬಂದಿದೆ. ಬುರುಡೆಗೆ ಕಹಿ ಸೋರೆಯೇ ಒಳ್ಳೆಯದಂತೆ. ಬಳ್ಳಿಯಲ್ಲೇ ಬಲಿತು ಸಿಪ್ಪೆ ಗಟ್ಟಿಯಾದ ಮೇಲೆ ಕತ್ತು ಕೊಯ್ದು, ನೀರು ತುಂಬಿಟ್ಟು ತಿರುಳನ್ನು ಕೊಳೆಸುತ್ತಾರೆ. ಆಮೇಲೆ ಒಂದು ಹಿಡಿ ಗರಸು ಹಾಕಿ ಗಲಗಲ ಕುಲುಕಿ ಚೆಲ್ಲುವುದು, ಕಹಿ ಹೋಗುವ ತನಕ ತೊಳೆಯುವುದು. ಈಗ ಅದರಲ್ಲಿ ಬೂದಿ ಬೆರೆಸಿದ ರಾಗಿ ಬಿತ್ತನೆ ಇತ್ತು.

ಇಷ್ಟನ್ನೇ ಈಗ ಬುಷ್‌ಕ್ರಾಫ್ಟ್ ಎಂದು ದುಡ್ಡು ಕೊಟ್ಟು ಕಲಿಯುವವರಿದ್ದಾರೆ. 2020ರ ಜನವರಿಯಲ್ಲಿ ಬೇರ್ ಗ್ರಿಲ್ಸ್ ರಜನೀಕಾಂತರನ್ನು ಕರೆದುಕೊಂಡು ಟೀವಿಗಾಗಿ ಕಾಡು ಅಲೆದದ್ದು ಎಚ್.ಡಿ. ಕೋಟೆಯ ಕಬಿನಿ ಹಿನ್ನೀರಿನಾಚೆಯ ಬಂಡೀಪುರದಲ್ಲೇ. ಅಲ್ಲಿ ಅದು ಸಾಹಸ. ಈ ಅಂಗಳದಲ್ಲಿ ಅದು ಒಂದು ಕಾಲದ ಅಡುಗೆಮನೆ.

ಆ ಅಡುಗೆಮನೆಯ ಉಗ್ರಾಣ ಈಗ ಕಂದಕದಾಚೆ ಇದೆ. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನ, 1999ರಲ್ಲಿ ಹುಲಿ ಯೋಜನೆಯ ಕಾಡು. ಒಳಗಿದ್ದ ಎಷ್ಟೋ ಹಾಡಿಗಳು ಹೊರಬಂದವು. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳಲ್ಲಿ ಬಿದಿರನ್ನು ಹೆಸರಿಟ್ಟೇ ಸೇರಿಸಿದೆ. ಆದರೂ ತಾತ ಈ ಗಳಗಳನ್ನು ತಂದದ್ದು ಪಿರಿಯಾಪಟ್ಟಣದ ಕಡೆಯ ಗೌಡರೊಬ್ಬರ ಹೊಲದ ಬದುವಿನಿಂದ, ಒಂದು ದಿನದ ಕೂಲಿಗೆ ಬದಲಾಗಿ. ಕಾಡಿನ ಹೆಬ್ಬಿದಿರು 2010ರ ಆಚೀಚೆ ಹೂ ಬಿಟ್ಟು ಮೆಳೆಗೆ ಮೆಳೆಯೇ ಒಣಗಿತು. ನಲವತ್ತು–ಐವತ್ತು ವರ್ಷಕ್ಕೊಮ್ಮೆ ಬಿದಿರಿನ ಬದುಕೇ ಹಾಗೆ. ಬಿದಿರಕ್ಕಿ ಗುಡಿಸಿ ತಂದು ಉಂಡದ್ದನ್ನು ಅಜ್ಜಿ ನಿನ್ನೆಯದೆಂಬಂತೆ ಹೇಳಿದರು.

ಬುಟ್ಟಿ ಹೆಣೆಯುತ್ತೀರಾ ಎಂದೆ. ‘ಅದು ಬೆಟ್ಟ ಕುರುಬರ ಕೈ’ ಎಂದರು ತಾತ. ದಬ್ಬೆ ಸೀಳುವ ನಯ ಅವರದಂತೆ, ಮರ ಹತ್ತುವ ಧೈರ್ಯ ತಮ್ಮದಂತೆ. ಕಾಡೇ ಇಲ್ಲದ ಕೆ.ಆರ್. ನಗರದ ಗದ್ದೆ ಬಯಲಿನಲ್ಲಿ ಮೊರ, ಮಂಕರಿ ಹೆಣೆಯುವ ಕೆಲಸ ಮೇದರದು. ನೂರೆ ಗೆಣಸು ಅಗೆಯುವ ಕೋಲನ್ನೂ ಕೇಳಿದೆ. ಗಟ್ಟಿ ಮರದ ತುದಿ ಚೂಪು ಮಾಡಿ ಬೆಂಕಿಯಲ್ಲಿ ಬಾಡಿಸಿದರೆ ಆಯಿತು. ಈಗ ಯಾರೂ ಮಾಡುವುದಿಲ್ಲ, ಮೂಲೆಯಲ್ಲಿ ಕಬ್ಬಿಣದ ಹಾರೆ ಒರಗಿತ್ತು. ಜೇನಿಗೂ ಪ್ಲಾಸ್ಟಿಕ್ ಕ್ಯಾನೇ. ‘ಅಂಡೆಗಿಂತ ಹಗೂರ ಅಲ್ವಾ’ ಎಂದರು, ಯಾವ ಕೊರಗೂ ಇಲ್ಲದೆ. ಕೊರಗು ನನ್ನದು. ನಾನು ಬಂದಿದ್ದೇ ಅದಕ್ಕೆ.

ಅಷ್ಟರಲ್ಲಿ ಅನ್ನ ಬೆಂದಿತ್ತು. ಕರಿಯಾದ ಅಂಡೆಯನ್ನು ಮಚ್ಚಿನಿಂದ ಸೀಳಿದಾಗ ಒಳಗೆ ಬಿಳಿ ಪೊರೆ ಸುತ್ತಿಕೊಂಡ ಅನ್ನದ ಉರುಳೆ, ಹಸಿ ಕಬ್ಬಿನಂಥ ವಾಸನೆ. ಮುತ್ತುಗದೆಲೆಯ ಮೇಲೆ ಇಟ್ಟುಕೊಟ್ಟರು.

ಉಂಡ ಹುರುಪಿನಲ್ಲಿ ನಾನೂ ಒಂದು ಅಂಡೆ ಮಾಡುತ್ತೇನೆಂದು ಮಚ್ಚು ಹಿಡಿದೆ. ಸುತ್ತಲೂ ಕಚ್ಚು ಹಾಕಿದೆ, ಸಿಬಿರು ಹೆರೆದೆ, ಬೆವರು ಒರೆಸಿಕೊಂಡು ಎತ್ತಿ ತೋರಿಸಿದೆ. ತಾತ ಅದನ್ನು ಕಣ್ಣಿಗೆ ಹಿಡಿದು ಆ ಕಡೆಯಿಂದ ನನ್ನನ್ನೇ ನೋಡಿದರು. ಗಿಣ್ಣಿನ ಮೇಲೆ ಕಡಿದಿದ್ದೆ.

‘ತಳವೇ ಇಲ್ವಲ್ಲ ಸಾಮಿ!’

ಹುಡುಗರು ಬಿದ್ದುಬಿದ್ದು ನಕ್ಕರು. ಅಜ್ಜಿ ನಗಲಿಲ್ಲ. ಕೊಳವೆಯನ್ನು ಕೈಗೆ ತೆಗೆದುಕೊಂಡು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದು ತುದಿ ಬಾಯಿಗಿಟ್ಟು ಊದಿದರು. ಬೂದಿ ಹಾರಿ ಕೆಂಡ ನಿಗಿನಿಗಿ ಎಂದಿತು. ಹಳೆಯ ಊದುಗೊಳವೆಯನ್ನು ಒಲೆಗೇ ತಳ್ಳಿ, ನನ್ನದನ್ನು ಗೋಡೆಗೆ ಒರಗಿಸಿದರು.